ಎರಡು ಗಂಟೆ ಹತ್ತು ನಿಮಿಷ

ಮಾರ್ಚ್ 3, ಮಂಗಳವಾರ. ಬೆಳಗ್ಗೆ 11

ಮೂರನೆಯ ಪೇಷಂಟ್ ಇನ್ನೂ ಬಂದಿಲ್ಲ. ಕಿವಿ ಪರೀಕ್ಷೆಯ ಟೆಸ್ಟ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಬಾಗಿಲು ಹಾಕಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ — ಊರಿನಲ್ಲಿ ನನಗೆ ನೆಮ್ಮದಿಯ ಜಾಗ ಇದೊಂದೇ. ಕೆಲಸ ಸರಳ. ಪೇಷಂಟ್ ಕಿವಿಗೆ ಹೆಡ್‌ಫೋನ್ ಹಾಕುವುದು, ಬೀಪ್ ಕೊಡುವುದು, ಕೇಳಿಸಿದಾಗ ಬಟನ್ ಒತ್ತಿ ಅನ್ನುವುದು. ಹನ್ನೊಂದು ವರ್ಷದಿಂದ ಇದೇ. ಕೇಳಿಸದೆಯೂ ಬಟನ್ ಒತ್ತುವವರನ್ನು ಮುಖ ನೋಡಿಯೇ ಹಿಡಿಯುತ್ತೇನೆ.

ನಮ್ಮ ಮನೆಯವರಿಗೆ ಟ್ರಾನ್ಸ್‌ಫರ್ ಆಗಿದೆ. ಏಪ್ರಿಲ್ ಕೊನೆಗೆ ಊರು ಬಿಡಬೇಕು. ಬಸ್ಸಿನಲ್ಲಿ ಐದು ಗಂಟೆ ದೂರ, ಅಲ್ಲಿ ನರಪಿಳ್ಳೆಯ ಪರಿಚಯವಿಲ್ಲ. ನನ್ನ ಷರತ್ತು ಹೇಳಿಬಿಟ್ಟಿದ್ದೇನೆ: ಮೊದಲು ಜನ, ಆಮೇಲೆ ಮನೆ, ಆಮೇಲೆ ಸಾಮಾನು. ಮಗುವನ್ನು ಎತ್ತಿಕೊಂಡೇ ಬೆಳೆಸುವ, ಪಕ್ಕದಲ್ಲೇ ಮಲಗಿಸಿಕೊಳ್ಳುವ, ಅತ್ತರೆ ಓಡುವ ನಾಲ್ಕು ತಾಯಂದಿರು ಸಿಗಬೇಕು. ಎರಡೂವರೆ ವರ್ಷದ ಮಗಳಿಗೆ ಇನ್ನೂ ಹಾಲು ಕೊಡುವವಳನ್ನು ಹುಚ್ಚಿ ಅನ್ನಬಾರದು. ಇಲ್ಲಂತೂ ಅಂಥವರು ಯಾರೂ ಸಿಗಲಿಲ್ಲ. ಪಕ್ಕದ ಮನೆಯಾಕೆ ಮೊನ್ನೆ ಕೇಳಿದಳು, ಕಾಲೇಜಿಗೂ ಕಂಕುಳಲ್ಲೇ ಕರೆದುಕೊಂಡು ಹೋಗುತ್ತೀಯಾ ಅಂತ. ಅವಳನ್ನು ಪಟ್ಟಿಗೆ ಸೇರಿಸಿದ್ದೇನೆ.

ಹೌದು, ಪಟ್ಟಿ ಇದೆ. ಈ ಡೈರಿಯ ಕೊನೇ ಹಾಳೆಯಲ್ಲಿ. ಇವತ್ತಲ್ಲ ನಾಳೆ ಸೇಡು ತೀರಿಸಿಕೊಳ್ಳಬೇಕಾದವರು. ಹೆಸರುಗಳು ಬರುತ್ತವೆ, ಹೋಗುತ್ತವೆ. ಮೊದಲನೇ ನಂಬರ್ ಮಾತ್ರ ಎರಡೂವರೆ ವರ್ಷದಿಂದ ಅಲ್ಲಾಡಿಲ್ಲ.

ಪೇಷಂಟ್ ಬಂದರು —

ಮಾರ್ಚ್ 5, ಗುರುವಾರ

ಫೋನಿನಲ್ಲೇ ಹುಡುಕಾಟ. ಆ ಊರಿನಲ್ಲಿ ತಾಯಂದಿರ ಗುಂಪು ಮೂರು ಸಿಕ್ಕವು. ಮೊದಲನೆಯವರು ಮಗುವನ್ನು ಬೇರೆ ಕೋಣೆಯಲ್ಲಿ ಅಳಲು ಬಿಟ್ಟು ಟೈಮರ್ ಇಡುವವರು. ದೂರದಿಂದಲೇ ನಮಸ್ಕಾರ. ಎರಡನೆಯವರು ಎಲ್ಲ ಸಹಜ, ಎಲ್ಲ ನೈಸರ್ಗಿಕ ಅನ್ನುತ್ತಾ ಮೂರನೇ ಮೆಸೇಜಿಗೆ ಮರದ ಆಟಿಕೆ ಮಾರಲು ಬಂದರು.

ಮೂರನೆಯದು — ಕಂಕುಳು ಬಳಗ. ಇಪ್ಪತ್ತೆರಡು ಮನೆಗಳು. ಶನಿವಾರ ಶನಿವಾರ ಸೇರುತ್ತಾರೆ. ನಡೆಸುವಾಕೆಯನ್ನು ಎಲ್ಲರೂ ಅಕ್ಕ ಅನ್ನುತ್ತಾರಂತೆ. ಒಂದು ಪದ್ಧತಿ ಇದೆ: ಹೊಸದಾಗಿ ಸೇರುವವರು ಎಲ್ಲರ ಮುಂದೆ ತಮ್ಮ ಹೆರಿಗೆಯ ಕಥೆ ಹೇಳಬೇಕು. ಮೊದಲಿಂದ ಕೊನೆವರೆಗೆ. ಮಧ್ಯದಲ್ಲಿ ಯಾರೂ ಬಾಯಿ ಹಾಕುವ ಹಾಗಿಲ್ಲ. ಓದಿಯೇ ಕಣ್ಣು ತುಂಬಿತು. ನನ್ನ ಕಥೆಯನ್ನು ಇದುವರೆಗೆ ಯಾರೂ ಪೂರ್ತಿ ಕೇಳಿಲ್ಲ. ‘ಮಗು ಚೆನ್ನಾಗಿದೆಯಲ್ಲ, ಇನ್ನೇನು’ ಅನ್ನುತ್ತಾರೆ.

ಅಕ್ಕನ ಮನೆಯ ಮಹಡಿ ಕೂಡ ಖಾಲಿ ಇದೆಯಂತೆ. ಬಳಗದವರಿಗೇ ಕೊಡುತ್ತಾರಂತೆ. ಇವರು ಖುಷಿಯಲ್ಲಿ ಆಗಲೇ ಅಟ್ಟದಿಂದ ಖಾಲಿ ಡಬ್ಬ ಇಳಿಸಿದರು.

ಅತ್ತೆ ಮಾತ್ರ ನಕ್ಕರು. “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು. ಮಗು ಎತ್ಕೊಳ್ಳೋದಕ್ಕೂ ಸಂಘ ಬೇಕೇನೆ? ನಾನು ಎತ್ಕೊಂಡಿರ್ಲಿಲ್ವಾ?” ಹೇಳುತ್ತಲೇ ಅಂಟಮ್ಮನನ್ನು ಸೊಂಟಕ್ಕೇರಿಸಿಕೊಂಡು ಹೋದರು. ಮಗಳಿಗೆ ಅಂಟಮ್ಮ ಅಂತ ಹೆಸರಿಟ್ಟವರೂ ಅವರೇ. ಬಿಟ್ಟರೂ ಬಿಡಳಂತೆ.

ಮಾರ್ಚ್ 10, ಮಂಗಳವಾರ. ಮಧ್ಯಾಹ್ನ

ಹೊರಗೆ ಪೇಷಂಟ್ ಕಾಯುತ್ತಿದ್ದಾರೆ. ಆದರೂ ಬರೆಯಬೇಕು.

ಅಕ್ಕನ ವಾಯ್ಸ್ ಮೆಸೇಜ್ ಬಂತು. ಇಪ್ಪತ್ತೊಂದಕ್ಕೆ ಶನಿವಾರ ಸಭೆ ಇದೆ, ಸಂಕೋಚ ಬೇಡ, ಮಗುವನ್ನು ಎತ್ತಿಕೊಂಡೇ ಬನ್ನಿ. ಇಷ್ಟೇ. ‘ಶನಿವಾರ ಸಭೆ’ ಅನ್ನುವಾಗ ‘ಸ’ ಜೊತೆಗೆ ಹಲ್ಲಿನ ಸಂದಿಯಿಂದ ಸಣ್ಣ ಸಿಳ್ಳೆ. ‘ಸಂಕೋಚ’ದಲ್ಲಿ ಮತ್ತೆ.

ಟೆಸ್ಟ್ ರೂಮಿನ ಬಾಗಿಲು ಹಾಕಿ, ಹೆಡ್‌ಫೋನಿನಲ್ಲಿ ಏಳು ಸಲ ಕೇಳಿದೆ. ಅವಳೇ. ಪಟ್ಟಿಯ ಮೊದಲನೇ ನಂಬರ್. ಹೆರಿಗೆ ವಾರ್ಡಿನ ಹೆಡ್ ನರ್ಸ್.

ಇಷ್ಟು ದಿನ ಇಲ್ಲೂ ಬರೆದಿರಲಿಲ್ಲ. ಈಗ ಬರೆಯುತ್ತೇನೆ. ಹೊಟ್ಟೆ ಕೊಯ್ದು ತೆಗೆದ ಮಗು. ಎರಡನೇ ದಿನ. ನನಗೆ ಏಳಲಾಗುತ್ತಿರಲಿಲ್ಲ. ಕೂಸುಗಳನ್ನೆಲ್ಲ ಆಚೆ ಗಾಜಿನ ಕೋಣೆಯಲ್ಲಿಡುತ್ತಿದ್ದರು, ಗಡಿಯಾರ ನೋಡಿ ತರುತ್ತಿದ್ದರು. ಮಧ್ಯಾಹ್ನ ಎರಡು ಹತ್ತಕ್ಕೆ ಅಳು ಶುರುವಾಯಿತು. ಎರಡು ಬಾಗಿಲಾಚೆ. ಹತ್ತು ಕೂಸು ಅಳುತ್ತಿದ್ದರೂ ನನ್ನದು ಯಾವುದು ಅಂತ ನನಗೆ ಗೊತ್ತು. ನನ್ನ ಹೊಟ್ಟೆಪಾಡೇ ಕಿವಿಯದು. ಕರೆದೆ, ಬೇಡಿಕೊಂಡೆ. ಅವಳು ಬಂದು ಹೊದಿಕೆ ಸರಿಮಾಡಿ ಹೇಳಿದಳು: “ಎಲ್ಲ ಮಕ್ಕಳ ಅಳೂ ಒಂದೇ ಥರ ಇರುತ್ತೆ. ಅದು ನಿಮ್ದಲ್ಲ. ಸುಮ್ನೆ ಮಲ್ಕೊಳ್ಳಿ.”

ಎದುರಿಗೇ ಗೋಡೆ ಗಡಿಯಾರ. ನಾಲ್ಕು ಇಪ್ಪತ್ತಕ್ಕೆ ತಂದುಕೊಟ್ಟಳು. ಎರಡು ಗಂಟೆ ಹತ್ತು ನಿಮಿಷ. ಮಗುವಿನ ಗಂಟಲು ಒಡೆದುಹೋಗಿತ್ತು. ನನ್ನ ಕೈಗೆ ಬಂದೊಡನೆ ಮತ್ತೆ ಅದೇ ಅಳು, ನನ್ನದೇ ಮಗು. ಎದೆಗೆ ಹಚ್ಚಿಕೊಂಡು ಹತ್ತು ನಿಮಿಷ ಆಗಿರಲಿಲ್ಲ, ಟೈಮ್ ಆಯ್ತು ಅಂತ ಕೈ ಚಾಚಿದಳು. ಕಚ್ಚಿದೆ. ಮಣಿಕಟ್ಟಿಗೆ, ಹಲ್ಲು ಇಳಿಯುವ ಹಾಗೆ. ಅತ್ತೆ ಅಲ್ಲೇ ಇದ್ದರು. ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಮಗನಿಗೂ.

ಒಂದು ಮಾತು ಮಾತ್ರ ಸೇರಿಸಬೇಕು. ಕೊನೇ ನಲವತ್ತು ನಿಮಿಷ ಅಳು ನಿಂತಿತ್ತು. ಯಾರೋ ಆಯಾ ಎತ್ತಿಕೊಂಡಿರಬೇಕು. ಮುಖ ನೋಡಿಲ್ಲ. ಆ ಪುಣ್ಯಾತ್ಗಿತ್ತಿಗೆ ಅಂದಿನಿಂದ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವಳಿಲ್ಲದಿದ್ದರೆ ನನಗೆ ತಲೆ ಕೆಡುತ್ತಿತ್ತು.

ಮಾರ್ಚ್ 11, ಬುಧವಾರ

ನಿದ್ದೆ ಚೆನ್ನಾಗಿ ಬಂತು. ಆಶ್ಚರ್ಯ.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ. ಪೂರ್ತಿ ಹೇಳಬೇಕು, ಯಾರೂ ಬಾಯಿ ಹಾಕಬಾರದು — ಅವಳೇ ಮಾಡಿದ ಪದ್ಧತಿ. ಹೇಳುತ್ತೇನೆ. ಅವಳನ್ನು ದೇವರ ಹಾಗೆ ನೋಡುವ ಇಪ್ಪತ್ತೆರಡು ತಾಯಂದಿರ ಮುಂದೆ ಹೇಳುತ್ತೇನೆ. ನಾಚಿಕೆ ಇಲ್ಲದವಳು. ಕೂಸುಗಳನ್ನು ಗಾಜಿನ ಕೋಣೆಯಲ್ಲಿ ಅಳಿಸಿದವಳು ಈಗ ಎತ್ತಿಕೊಳ್ಳುವುದನ್ನು ಕಲಿಸುತ್ತಾಳೆ!

ಇವರಿಗೆ ಹೇಳಿದೆ. ಕಚ್ಚಿದ್ದು ಕೇಳಿ ಒಂದು ಕ್ಷಣ ನನ್ನ ಹಲ್ಲು ನೋಡಿದರು. ಆಮೇಲೆ: “ಆ ಬಳಗ ಬಿಟ್ರೆ ನಮಗೆ ಅಲ್ಲಿ ಬೇರೆ ಯಾರಿದ್ದಾರೆ? ಸಿಟ್ಟಲ್ಲಿ ಕುಯ್ಕೊಂಡ ಮೂಗು ಶಾಂತ ಆದ್ಮೇಲೆ ಬರುತ್ತಾ? ಯೋಚನೆ ಮಾಡು.”

ಯೋಚನೆ ಮಾಡಿದೆ. ಮೂಗು ಹೋದರೆ ಹೋಗಲಿ.

ಮಾರ್ಚ್ 20, ಶುಕ್ರವಾರ

ಇಡೀ ವಾರ ಕನ್ನಡಿಯ ಮುಂದೆ ರಿಹರ್ಸಲ್. ಅಳಬಾರದು. ಕೂಗಬಾರದು. ಬೀಪ್ ಕೊಟ್ಟ ಹಾಗೆ, ಸಮನಾಗಿ ಹೇಳಬೇಕು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ಗಡಿಯಾರದ ವಿಷಯ ಮೊದಲೇ ಹೇಳು” ಅಂದು ಒಳಗೆ ಹೋದರು.

ಮಾರ್ಚ್ 21, ಶನಿವಾರ. ವಾಪಸ್ ಬಸ್ಸಿನಲ್ಲಿ, ಸಂಜೆ

ಅಕ್ಷರ ಕುಣಿಯುತ್ತಿವೆ. ಇರಲಿ.

ಗುರುತೇ ಸಿಗಲಿಲ್ಲ ಅವಳಿಗೆ. ಬಾಗಿಲಲ್ಲೇ ನಗುತ್ತಾ ಬಂದಳು. ಮಗುವನ್ನು ಕಟ್ಟಿಕೊಂಡಿದ್ದ ಬಟ್ಟೆಯ ಗಂಟು ಭುಜ ಕೊರೆಯುತ್ತೆ ಅಂತ ಬಿಚ್ಚಿ, ಸ್ವಲ್ಪ ಕೆಳಗೆ ಹಾಕಿದಳು. ಒಂದು ವರ್ಷದ ಭುಜದ ನೋವು ಅರ್ಧ ಇಳಿಯಿತು. ಅದಕ್ಕೂ ಸಿಟ್ಟು ಬಂತು.

ಚಾಪೆ ಹಾಸಿದ ಉದ್ದನೆಯ ಕೋಣೆ. ಗೋಡೆಗೆ ಒರಗಿ ಹದಿನೇಳು ಹದಿನೆಂಟು ತಾಯಂದಿರು, ಅರ್ಧಕ್ಕರ್ಧ ಹಾಲು ಕೊಡುತ್ತಾ. ಯಾರಿಗೂ ಸೆರಗು ಮುಚ್ಚಿಕೊಳ್ಳುವ ಗಡಿಬಿಡಿಯಿಲ್ಲ. ದೊಡ್ಡ ಮಕ್ಕಳು ಪಕ್ಕದ ಕೋಣೆಯಲ್ಲಿ, ಇಬ್ಬರು ಅಪ್ಪಂದಿರ ಜೊತೆ. ಅಂಟಮ್ಮ ತಾನಾಗಿ ಇಳಿದು ಆ ಕಡೆ ಓಡಿದಳು. ಜನ್ಮದಲ್ಲಿ ಹೀಗೆ ಓಡಿರಲಿಲ್ಲ. ಇದೇ ನಾನು ಹುಡುಕಿದ ಜಾಗ. ನಡೆಸುವವಳು ಅವಳಾಗಬೇಕಿತ್ತೆ?

ಹೊಸಬರ ಸರದಿಗೆ ಮೊದಲು ಅಕ್ಕ ತನ್ನ ಕಥೆ ಹೇಳುವುದು ವಾಡಿಕೆಯಂತೆ. ಶುರು ಮಾಡಿದಳು. ತಾನು ನರ್ಸ್ ಆಗಿದ್ದೆ. ಒಂದು ದಿನ ಒಬ್ಬ ತಾಯಿ ಎರಡು ಬಾಗಿಲಾಚೆಯಿಂದಲೇ ತನ್ನ ಮಗುವಿನ ಅಳು ಗುರುತು ಹಿಡಿದಳು. ತಕ್ಷಣ ಎದ್ದು ಹೋಗಿ ಮಗುವನ್ನು ತಂದುಕೊಟ್ಟೆ. ಆ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಳು. ಆ ಕೈ ನನ್ನನ್ನು ಬದಲಾಯಿಸಿತು, ಕೆಲಸ ಬಿಟ್ಟೆ, ಈ ಊರಿಗೆ ಬಂದು ಬಳಗ ಕಟ್ಟಿದೆ.

ತಕ್ಷಣ ಅಂತೆ! ಕೈ ಹಿಡಿದೆನಂತೆ, ಹಲ್ಲಿನಿಂದ ಹಿಡಿದದ್ದು ಮರೆತಳು. ಸುತ್ತಲೂ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನ್ನ ಎರಡು ಗಂಟೆ ಹತ್ತು ನಿಮಿಷವನ್ನು ಕದ್ದು, ತೊಳೆದು, ಇಸ್ತ್ರಿ ಮಾಡಿ ಮೈಮೇಲೆ ಹಾಕಿಕೊಂಡಿದ್ದಾಳೆ. ಕಲಿತದ್ದೆಲ್ಲ ಮರೆತುಹೋಯಿತು.

ಆಗ ಪಕ್ಕದ ಕೋಣೆಯಲ್ಲಿ ಒಂದು ಮಗು ಅತ್ತಿತು. ಎಲ್ಲರೂ ಕಿವಿ ನಿಮಿರಿಸಿದರು. ಅಕ್ಕ ಕೈ ಎತ್ತಿ, ನಗುತ್ತಾ, ಬಾಗಿಲ ಹತ್ತಿರ ಕೂತಿದ್ದ ಹಸಿರು ಬಟ್ಟೆಯವಳಿಗೆ, ನಿಮ್ಮದು, ಹೋಗಿ ಅಂದಳು. ಇಲ್ಲಿನ ಎಲ್ಲ ಮಕ್ಕಳ ಅಳುವೂ ತನಗೆ ಗೊತ್ತು ಅಂತ ಅವಳಿಗೆ ಹೆಮ್ಮೆ. ಹಸಿರು ಬಟ್ಟೆಯವಳು ಎದ್ದೂ ಬಿಟ್ಟಳು.

ನಾನು ಎದ್ದೆ. “ಅದು ನನ್ನ ಮಗು” ಅಂದೆ. “ಅವತ್ತೂ ನನ್ನದೇ ಆಗಿತ್ತು.”

ಅವಳ ಎಡಗೈ ಬಲಗೈ ಮಣಿಕಟ್ಟನ್ನು ಮುಚ್ಚಿಕೊಂಡಿತು. ಮುಖಕ್ಕಿಂತ ಮೊದಲು ಕೈಗೆ ನೆನಪಾಯಿತು.

ಅಂಟಮ್ಮನನ್ನು ಎತ್ತಿಕೊಂಡು ಬಂದು, ನಿಂತೇ ಹೇಳಿದೆ. ಗಡಿಯಾರದಿಂದ ಶುರುಮಾಡಿ ಹಲ್ಲಿನವರೆಗೆ. ಯಾರೂ ಬಾಯಿ ಹಾಕಲಿಲ್ಲ. ಪದ್ಧತಿ ಪದ್ಧತಿಯೇ. ಮುಗಿಸಿದೆ. ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಎಷ್ಟು ಹಗುರ. ಹಸಿವೂ ಆಗುತ್ತಿದೆ.

ಮಾರ್ಚ್ 24, ಮಂಗಳವಾರ

ಹಗುರ ಮೂರು ದಿನಕ್ಕೆ ಮುಗಿಯಿತು. ಮನೆ ಇಲ್ಲ, ಬಳಗ ಇಲ್ಲ. ಇವರು ಡಬ್ಬಗಳನ್ನು ಮತ್ತೆ ಅಟ್ಟಕ್ಕೆ ಹಾಕಿದರು, ಅಷ್ಟೇ. ಅಂಟಮ್ಮ ಬೆಳಗ್ಗೆದ್ದು, ಆಟದ ರೂಮಿಗೆ ಹೋಗೋಣ ಅನ್ನುತ್ತಾಳೆ. ದಿನಾ.

ಮಾರ್ಚ್ 26, ಗುರುವಾರ

ಅವಳ ಮೆಸೇಜ್. ವಾಯ್ಸ್ ಅಲ್ಲ, ಬರೆದದ್ದು. ಜಾಣೆ. ಮಹಡಿ ಮನೆ ನಿಮಗೇ ಇಟ್ಟಿದ್ದೇನೆ, ನಾನು ಏನು ಮಾಡಬೇಕು ಹೇಳಿ.

ಕ್ಷಮೆ ಕೇಳಲಿಲ್ಲ. ಒಳ್ಳೆಯದಾಯಿತು. ಕೇಳಿದ್ದರೆ ಕೊಡಬೇಕಾಗುತ್ತಿತ್ತು.

ಅರ್ಧ ದಿನ ಯೋಚಿಸಿ ಉತ್ತರ ಬರೆದೆ. ಬರುತ್ತೇವೆ. ಆದರೆ ಇನ್ನು ಮುಂದೆ ಹೊಸಬರು ಬಂದಾಗಲೆಲ್ಲ ಆ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಎರಡು ಗಂಟೆ ಹತ್ತು ನಿಮಿಷ ಅಂತ ಬಾಯಿಬಿಟ್ಟು ಹೇಳಬೇಕು. ಕಚ್ಚಿದ ಗುರುತು ತೋರಿಸಬೇಕು. ಏನನ್ನೂ ಮುಚ್ಚಿಡಬಾರದು. ನಾನು ಎದುರಿಗೇ ಕೂತಿರುತ್ತೇನೆ.

ಮರುಕ್ಷಣ ಉತ್ತರ ಬಂತು. ಆಗಲಿ.

ಒಂದೇಟಿಗೆ ಎರಡು ಹಕ್ಕಿ. ಬಳಗವೂ ಸಿಕ್ಕಿತು, ಅವಳೂ ಸಿಕ್ಕಳು. ವಾರವಾರ ಅವಳ ಮುಖ ನೋಡುತ್ತಾ ಕೂರಬಹುದು. ಪಟ್ಟಿಯಿಂದ ಮೊದಲನೇ ನಂಬರ್ ಹೊಡೆಯಲಿಲ್ಲ. ಪಕ್ಕದಲ್ಲಿ ‘ನಡೆಯುತ್ತಿದೆ’ ಅಂತ ಬರೆದೆ.

ಮೇ 2, ಶನಿವಾರ

ಬಂದು ನಾಲ್ಕು ದಿನ. ಮಹಡಿ ಮನೆ ಬೆಳಕಾಗಿದೆ. ಮೂರು ಕೋಣೆ, ನಾವು ಮಲಗುವುದು ಒಂದರಲ್ಲೇ. ಅತ್ತೆಯೂ ಜೊತೆಗೇ ಬಂದಿದ್ದಾರೆ. ಬಳಗದಲ್ಲಿ ಆಗಲೇ ಅವರದೇ ಯಜಮಾನಿಕೆ, ಇಬ್ಬರು ಅಪ್ಪಂದಿರಿಗೆ ಸೊಂಟದ ಮೇಲೆ ಕೂಸು ಕೂರಿಸುವುದನ್ನು ಕಲಿಸಿದರು. ಅಕ್ಕ ಮೆಟ್ಟಿಲಲ್ಲಿ ಸಿಕ್ಕರೆ ಬದಿಗೆ ಸರಿದು ದಾರಿ ಬಿಡುತ್ತಾಳೆ. ನಾನು ಬೇಕೆಂದೇ ನಿಧಾನ ಇಳಿಯುತ್ತೇನೆ.

ಇವತ್ತು ಹೊಸಬರಿಲ್ಲ. ಮುಂದಿನ ವಾರ ಒಬ್ಬರು ಬರುತ್ತಾರಂತೆ. ಕಾಯುತ್ತಿದ್ದೇನೆ.

ಮೇ 9, ಶನಿವಾರ. ಮಧ್ಯಾಹ್ನ 3

ಹೊಸಬಳು ಬಂದಿದ್ದಳು. ಇಪ್ಪತ್ತು ದಿನದ ಕೂಸು. ನಾನು ಮುಂದಿನ ಸಾಲಿನಲ್ಲೇ ಕೂತೆ, ಅಂಟಮ್ಮ ತೊಡೆಯ ಮೇಲೆ.

ಅಕ್ಕ ಹೇಳಿದಳು. ಎರಡು ಹತ್ತಕ್ಕೆ ಶುರು ಅಂದಳು. ಅದು ನಿಮ್ಮದಲ್ಲ ಅಂತ ಸುಳ್ಳು ಹೇಳಿದೆ ಅಂದಳು. ಎರಡು ಗಂಟೆ ಹತ್ತು ನಿಮಿಷ — ತಡವರಿಸಲಿಲ್ಲ. ತೋಳು ಮಡಚಿ ಗುರುತು ತೋರಿಸಿದಳು. ನನ್ನ ಹಲ್ಲಿನ ಸಾಲು, ಬೆಳ್ಳಗೆ. ನನಗೆ ನಗು ಬರುತ್ತಿತ್ತು, ತಡೆದುಕೊಂಡೆ. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ನನ್ನ ಕಡೆಗೇ ತಿರುಗಿದಳು. ಏನನ್ನೂ ಮುಚ್ಚಿಡಬೇಡ ಅಂದಿದ್ದೀರಿ, ಇದೊಂದು ನಿಮಗೂ ಗೊತ್ತಿಲ್ಲ ಅಂದಳು.

“ಕೊನೇ ನಲವತ್ತು ನಿಮಿಷ ಮಗು ಅಳಲಿಲ್ಲ. ಯಾರೂ ಎತ್ಕೊಂಡಿರ್ಲಿಲ್ಲ. ನಾನು ಗಾಜಿನಾಚೆ ಕೂತು ನೋಡ್ತಾ ಇದ್ದೆ. ಯಾರೂ ಬರಲ್ಲ ಅಂತ ಗೊತ್ತಾಗಿ ಸುಮ್ನಾಯ್ತು. ಕಣ್ಣು ಬಿಟ್ಕೊಂಡೇ ಇತ್ತು. ಒಳ್ಳೇ ಮಗು ಅಂತ ಚಾರ್ಟಲ್ಲಿ ಬರೆದೆ.”

ಅವಳ ‘ಸ’ ಸಿಳ್ಳೆ ಹಾಕಿತು. ಸುಮ್ನಾಯ್ತು.

ಹೇಗೆ ಎದ್ದು ಬಂದೆನೋ ಗೊತ್ತಿಲ್ಲ. ಮೆಟ್ಟಿಲಲ್ಲಿ ಅತ್ತೆ ಕೈ ಹಿಡಿದುಕೊಂಡಿದ್ದರು, ಅಷ್ಟು ನೆನಪಿದೆ. ಸತ್ಯ ಕೇಳಿದವಳು ನಾನೇ. ಇನ್ನು ಹೊಸಬರು ಬಂದಾಗಲೆಲ್ಲ ಹೇಳುತ್ತಾಳೆ. ನಾನು ಎದುರಿಗೇ ಕೂತಿರಬೇಕು. ಷರತ್ತು ನನ್ನದೇ.

ಎರಡೂವರೆ ವರ್ಷ ಯಾರಿಗೆ ಕೈ ಮುಗಿದೆ?

ಅಂಟಮ್ಮ ಪಕ್ಕದಲ್ಲಿ ಮಲಗಿದ್ದಾಳೆ. ಸದ್ದಿಲ್ಲ. ಕಿವಿ ಹತ್ತಿರ ಇಟ್ಟರೆ ಉಸಿರು ಕೇಳಿಸುತ್ತದೆ. ನಿದ್ದೆಯೇ ಇರಬೇಕು. ಆದರೂ ಒಂದು ಸಲ ಎಬ್ಬಿಸಿ, ಅತ್ತರೂ ಸರಿ, ಒಂದೇ ಒಂದು ಸಲ