ಹತ್ತು ನಿಮಿಷ ತಡವಾದ ಬಸ್ಸು

ಜುಲೈ ೮, ಮಂಗಳವಾರ

ಸಮೀಕರಣದ ಎಕ್ಸ್‌ನಿಂದ ಹತ್ತು ಕಳೆದರೆ ಗ್ರಾಫಿನ ಬಿಂದುಗಳೆಲ್ಲ ಬಲಕ್ಕೇಕೆ ಸರಿಯುತ್ತವೆ ಎಂದು ತಿಳಿಯದೆ ಚಂದನ ಇವತ್ತು ತರಗತಿಯಲ್ಲೇ ಅತ್ತುಬಿಟ್ಟಳು.

"ಕಳುದ್ರೆ ಎಡಕ್ಕಲ್ವಾ ಮೇಡಂ ಓಗ್ಬೇಕು?"

ಬೆಳಕವಾಡಿಯಲ್ಲಿ ಓದುವಾಗ ನಾನೂ ಇದಕ್ಕೇ ಅತ್ತಿದ್ದೆ. ಆಗ ಪುಟ್ಟರಾಜು ಮೇಷ್ಟ್ರು ಹೇಳಿದ್ದನ್ನೇ ಅವಳಿಗೂ ಹೇಳಿದೆ: ಬಸ್ಸು ಹತ್ತು ನಿಮಿಷ ತಡವಾಗಿ ಹೊರಟರೆ, ಹತ್ತು ನಿಮಿಷದ ಹಿಂದೆ ಇರಬೇಕಿದ್ದ ಜಾಗದಲ್ಲಿ ಈಗ ಇರುತ್ತದೆ, ಪ್ರತಿ ಊರಿಗೂ ಹತ್ತು ನಿಮಿಷ ತಡ; ತಡ ಅಂದರೆ ಗ್ರಾಫಿನ ಸಮಯದ ಗೆರೆಯಲ್ಲಿ ಬಲಕ್ಕೆ. ಅವಳ ಮುಖ ಅರಳಿತು.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿ, ನಿಮ್ಮ ಬಸ್ಸಿನ ಲೆಕ್ಕ ಇವತ್ತೂ ಕೈಹಿಡಿಯಿತು ಎಂದೆ.

"ನಂದೆಲ್ಲಿ ಕಣಮ್ಮ? ಅವತ್ತು ಬಸ್ಸು ತಡ ಆಗಿ ಕ್ಲಾಸಿಗೆ ಲೇಟಾಗಿ ಬಂದು ನೀನೇ ಅಂಗಂದಿದ್ದು. ನಾನು ಬೋರ್ಡ್ ಮೇಲೆ ಬರ್ದೆ, ಅಷ್ಟೆಯಾ."

ನನಗೆ ಅವರ ಸೀಮೆಸುಣ್ಣದ ಕೈ ನೆನಪಿದೆ, ನನ್ನ ಮಾತು ನೆನಪಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ಮರೆಯದೆ ಇಟ್ಟುಕೊಂಡಿದ್ದರಲ್ಲ, ಮೇಷ್ಟ್ರು...