ಮೂವರಿಗೆ ಒಂದೇ ಚೀಟಿ

ಮಾರ್ಚ್ 3, ಸೋಮವಾರ

ಸಂಜೆ ಬ್ಯಾಚ್‌ಗೆ ಹನ್ನೊಂದು ಜನ. ಪಾಠ ನಾಲ್ಕು — ಅಪರಿಚಿತರ ಜೊತೆ ಮಾತು ಶುರು ಮಾಡುವುದು. ಬ್ಯಾಂಕಿನ ಕ್ಯಾಷಿಯರ್ ಇವತ್ತೂ ತನ್ನ ಶೂಗಳ ಜೊತೆಯೇ ಮಾತಾಡಿದ. ಮೈಕ್ ಮತ್ತೆ ಕೈಕೊಟ್ಟಿತು. ಕಪ್ಪು ಮಾರ್ಕರ್ ತರಬೇಕು.

ಎಲ್ಲರೂ ಹೋದ ಮೇಲೆ ನರ್ಸಮ್ಮ ಬಂದರು. ಹೋದ ವರ್ಷ ನನ್ನ ಹತ್ತಿರ ಮೂರು ತಿಂಗಳು ಭಾಷಣ ಕಲಿತವರು. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ನಿಂತೂ ನಿಂತೂ ಮಂಡಿ ಸವೆದಿದೆ. ನರ್ಸಿಂಗ್ ಸ್ಕೂಲಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದರು. ಹೋದ ವಾರ ಡೆಮೊ ಕ್ಲಾಸ್. ಬಾಯಿಗೆ ಬೀಗ ಬಿದ್ದಂತಾಯಿತಂತೆ. ಒಂದು ಮಾತೂ ಹೊರಡಲಿಲ್ಲ. ಪರೀಕ್ಷಕರು ಇಪ್ಪತ್ತನಾಲ್ಕಕ್ಕೆ ಇನ್ನೊಮ್ಮೆ ಬರಲು ಹೇಳಿದ್ದಾರೆ. ಅದೇ ಕೊನೆ. ಆಮೇಲೆ ವಾರ್ಡೇ ಗತಿ.

ಏನಾಯಿತು ಎಂದು ಕೇಳಿದೆ. ನೋಟ್‌ಬುಕ್ ತೆಗೆದು ಮುಂದಿಟ್ಟರು. ನನ್ನ ಕ್ಲಾಸ್ ಮುಗಿಸಿ, ಹಿಂದೆ ನನ್ನ ಜೊತೆ ಕಲಿತ, ಗಡಿಯಾರ ಎಂದು ಅಡ್ಡಹೆಸರಿನವನ ಭಾಷಣದ ಕ್ಲಾಸಿಗೆ ಹೋಗಿದ್ದಾರೆ. ಅಲ್ಲಿಂದ ನಮ್ಮ ಜೊತೆಯವಳೇ ಆದ ಕನ್ನಡಿಯ ಕ್ಲಾಸಿಗೆ. ಮೂವರ ಕೈಬರಹವೂ ಅದರಲ್ಲಿದೆ. ಅವನದು — ಬಾಯಿ ಬಿಡುವ ಮೊದಲು ನಾಲ್ಕು ಎಣಿಸಿ. ಅವಳದು — ಎದುರಿಗೆ ಕನ್ನಡಿ ಇದೆ ಎಂದುಕೊಂಡು ನಿಮ್ಮನ್ನೇ ನೋಡಿಕೊಳ್ಳಿ. ನನ್ನದು — ನಿಮ್ಮನ್ನು ಮರೆತು ಕೇಳುವವರ ಕಣ್ಣು ನೋಡಿ.

"ಎಣಿಸ್ಲಾ, ನನ್ನನ್ನ ನೋಡ್ಕೊಳ್ಲಾ, ಅವರನ್ನ ನೋಡ್ಲಾ ಅನ್ನೋದ್ರಲ್ಲೇ ಟೈಮ್ ಮುಗಿದುಹೋಯ್ತು ಮೇಡಂ" ಅಂದರು.

ಅವರಿಬ್ಬರೂ ಸೇರಿ ಒಳ್ಳೆ ಹೆಂಗಸನ್ನು ಕೆಡಿಸಿದರು ಎಂದು ಸಿಟ್ಟು ಬಂತು. ಅವರಿಬ್ಬರು ಮಾತ್ರ. ನಾನಲ್ಲ.

ಮಾರ್ಚ್ 4, ಬೆಳಗ್ಗೆ

ಸಿಟ್ಟು ಇಳಿದಿದೆ. ನಾಚಿಕೆ ಉಳಿದಿದೆ.

ಆ ಮೂರೂ ಮಾತು ಮೇಷ್ಟ್ರದು. ನಾವು ಮೂವರೂ ಅವರ ಶಿಷ್ಯರು, ಆಮೇಲೆ ಅವರ ಸಹಾಯಕರು. ಹೆಸರಿಟ್ಟದ್ದೂ ಅವರೇ. ಸ್ಟಾಪ್‌ವಾಚ್ ಬಿಡದವನು ಗಡಿಯಾರ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವವಳು ಕನ್ನಡಿ. ಗಟ್ಟಿಯಾಗಿ ಮಾತೇ ಹೊರಡದ ನಾನು ಪಿಸು. ಅವರು ತೀರಿಕೊಂಡ ಮೇಲೆ ಒಬ್ಬೊಬ್ಬರು ಒಂದೊಂದು ತುಂಡು ಎತ್ತಿಕೊಂಡು ಹೋಗಿ ಒಂದೊಂದು ಬೋರ್ಡ್ ಹಾಕಿಕೊಂಡೆವು. "ಮೂಲ ಪದ್ಧತಿ" ಎಂದು ಮೂರೂ ಬೋರ್ಡಿನಲ್ಲಿದೆ. ನನ್ನದರಲ್ಲಿ ದಪ್ಪ ಅಕ್ಷರ.

ಮೇಷ್ಟ್ರ ಕೋಣೆ ಕಣ್ಣಿಗೆ ಕಟ್ಟಿದೆ. ಟೈಲರ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಮಿಷನ್ ಸದ್ದು, ಮೇಲೆ ನಡುಗುವ ಧ್ವನಿಗಳು. ಕೊನೆಯ ಬೆಂಚು ನಮ್ಮದು. ಒಂದು ಫ್ಲಾಸ್ಕ್ ಟೀ, ಮೂವರಿಗೆ ಎರಡೇ ಲೋಟ, ಮುಚ್ಚಳ ಮೂರನೆಯದು. ಮುಚ್ಚಳದಲ್ಲಿ ಕುಡಿಯುವ ಸರದಿ ಬಂದಾಗ ಕನ್ನಡಿ ಬೇಕೆಂದೇ ಸೊರ್ ಸೊರ್ ಎನ್ನಿಸುತ್ತಿದ್ದಳು. ಮೇಷ್ಟ್ರು ತಿರುಗಿ ನೋಡಿದರೆ ಅವಳ ಮುಖ ನನ್ನ ಕಡೆ ತಿರುಗಿರುತ್ತಿತ್ತು, ಬೈಗುಳ ನನಗೆ.

ಅಲ್ಲಿ ಒಂದು ನಿಯಮ. ಯಾರೇ ಭಾಷಣ ಮಾಡಲಿ, ಕೇಳಿದ ಮೂವರೂ ಸೇರಿ ಒಂದೇ ಚೀಟಿ ಕೊಡಬೇಕು. ಅದರಲ್ಲಿ ಒಂದೇ ವಾಕ್ಯ. ಒಮ್ಮತ ಆಗುವವರೆಗೆ ಬೆಂಚಿನಿಂದ ಏಳುವ ಹಾಗಿಲ್ಲ. ಒಮ್ಮೆ ಒಬ್ಬ ಅಂಚೆ ಗುಮಾಸ್ತರ ವಿಷಯಕ್ಕೆ ಮುಕ್ಕಾಲು ಗಂಟೆ ಕಿತ್ತಾಡಿದೆವು. ಪಾಪ, ಅವರು ಮೆಟ್ಟಿಲ ಮೇಲೆ ಕೂತು ತೂಕಡಿಸಿದರು. ಕೊನೆಗೆ ಕೊಟ್ಟ ಚೀಟಿ — "ಕನ್ನಡಕ ಒರೆಸಿಕೊಂಡು ಬನ್ನಿ." ಅವರಿಗೆ ಎದುರಿನ ಮುಖಗಳೇ ಕಾಣುತ್ತಿರಲಿಲ್ಲ! ಮರುವಾರ ಏನು ಚೆನ್ನಾಗಿ ಮಾತಾಡಿದರು. ಅವತ್ತು ಮೆಟ್ಟಿಲಿಳಿಯುತ್ತಾ ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದು... ಅಂಥ ನಗು ಆಮೇಲೆ ನಕ್ಕಿಲ್ಲ ನಾನು.

ಈಗ ನರ್ಸಮ್ಮನಿಗೆ ಮೂರು ಚೀಟಿ ಕೊಟ್ಟಿದ್ದೇವೆ.

ಅದೇ ದಿನ, ಮಧ್ಯಾಹ್ನ

ಗಡಿಯಾರನಿಗೆ ಫೋನ್. ಮೂವರೂ ಒಂದು ದಿನ ಕೂತು ಕೇಳೋಣ, ಒಂದೇ ಚೀಟಿ ಕೊಡೋಣ ಎಂದೆ. ಮೊದಲು ನಾಲ್ಕು ಎಣಿಸಿದ ಅಂತ ಕಾಣುತ್ತೆ. ಬರುತ್ತೇನೆ ಅಂದ. ಆದರೆ ಕನ್ನಡಿಯನ್ನು ಕರೆಯುವ ಕೆಲಸ ತನಗೆ ಹಚ್ಚಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದ.

"ಅದು ನಿನ್ನ ಅವಳ ಮಧ್ಯದ್ದು. ನೀನೇ ಹೋಗ್ಬೇಕು."

ಮಾರ್ಚ್ 6

ಕನ್ನಡಿಯ ಕ್ಲಾಸಿನವರೆಗೆ ಹೋದೆ. ಗೇಟಿನ ಹತ್ತಿರ ಅವಳ ಧ್ವನಿ ಕೇಳಿಸಿತು — "ಬೆನ್ನು ನೆಟ್ಟಗೆ." ನನ್ನ ಬೆನ್ನೂ ನೆಟ್ಟಗಾಯಿತು. ವಾಪಸ್ ಬಂದೆ.

ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಹದಿನಾಲ್ಕು ವರ್ಷದ ಹಿಂದೆ, ಮೇಷ್ಟ್ರ ಸ್ಮರಣೆಯ ಸಭೆ. ನಿರೂಪಣೆ ನನ್ನದು. ಮಾತಾಡುವವರ ಪಟ್ಟಿಯಲ್ಲಿ ಅವಳ ಹೆಸರು ಆರನೆಯದು. ನನ್ನದು ಏಳು. ಸಮಯದ ಅಭಾವ ಎಂದು ಹೇಳಿ ಆರು ಬಿಟ್ಟು ಏಳಕ್ಕೆ ಹೋದೆ. ಸಮಯ ಇತ್ತು. ಧಾರಾಳವಾಗಿತ್ತು. ಅವಳು ಮಾತಾಡಿದರೆ ಸಭೆಯೆಲ್ಲ ಅಳುತ್ತದೆ, ಆಮೇಲೆ ನನ್ನ ಮಾತು ಯಾರಿಗೂ ಹಿಡಿಸುವುದಿಲ್ಲ ಅನ್ನಿಸಿತ್ತು. ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಅವಳು ಮೊದಲ ಸಾಲಿನಲ್ಲಿ, ಮಡಿಸಿದ ಕಾಗದ ಕೈಯಲ್ಲಿ ಹಿಡಿದು ಕೂತಿದ್ದಳು. ಆಮೇಲೆ ಮಾತು ಬಿಟ್ಟಳು. ವೃತ್ತಿ ಪೈಪೋಟಿ ಎಂದು ಊರವರು ಅಂದುಕೊಂಡರು. ನಾನೂ ಹಾಗೇ ಹೇಳಿಕೊಂಡು ಬಂದೆ.

ಮಾರ್ಚ್ 12, ಬುಧವಾರ

ಆರು ದಿನ ಬೇಕಾಯಿತು. ಹೋದೆ.

ನನ್ನ ಪಾಠ ಹನ್ನೊಂದು — ಕ್ಷಮೆ ಕೇಳುವುದು ಹೇಗೆ. ಐದು ಹಂತ. ಪ್ರಿಂಟ್ ಮಾಡಿಸಿ ಹಂಚುತ್ತೇನೆ. ಅವಳ ಎದುರು ನಿಂತಾಗ ಒಂದು ಹಂತವೂ ನೆನಪಾಗಲಿಲ್ಲ. ಅವಳು ಮಡಚಿದ ಕುರ್ಚಿಗಳನ್ನು ಗೋಡೆಗೆ ಒರಗಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಣ್ಣ ಹಚ್ಚಿಲ್ಲ. ನಾನು ಹಚ್ಚುತ್ತೇನೆ.

"ಅವತ್ತು ಟೈಮ್ ಇತ್ತು ಕಣೆ. ನಾನೇ ನಿನ್ನ ಬಿಟ್ಟೆ" ಅಂದೆ. ಪಿಸುಗುಟ್ಟಿದಂತೆ ಬಂತು ಧ್ವನಿ.

ಕುರ್ಚಿ ಇಟ್ಟಳು. ಇನ್ನೊಂದು ಎತ್ತಿಕೊಂಡಳು.

"ಗೊತ್ತು. ಹಾಲ್‌ನ ಗೋಡೆ ಗಡಿಯಾರ ನಂಗೂ ಕಾಣ್ತಿತ್ತು. ನೀನು ಹೇಳ್ತೀಯೇನೋ ಅಂತ ಕಾದೆ. ಒಂದು ವಾರ ಅಂದ್ಕೊಂಡಿದ್ದೆ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನರ್ಸಮ್ಮನ ವಿಷಯ ಹೇಳಿದೆ. ನೋಟ್‌ಬುಕ್ಕಿನ ಮೂರು ಸಾಲು ಕೇಳಿ ಕುರ್ಚಿ ಬಿಡಿಸಿ ಅದರ ಮೇಲೇ ಕೂತಳು. ಮೂವರೂ ಸೇರುವುದು ಯಾವತ್ತು ಎಂದು ಕೇಳಿದಳು, ಶನಿವಾರ ಎಂದೆ.

ಮಾರ್ಚ್ 15, ಶನಿವಾರ

ಸೇರಿದೆವು. ನನ್ನ ಕ್ಲಾಸಿನಲ್ಲಿ. ಮೊದಲ ಕಾಲು ಗಂಟೆ ನಗೆಪಾಟಲು. ಮೂವರೂ ಸಭೆ ನಡೆಸುವವರೇ, ಕೂತು ಕೇಳುವವರು ಯಾರೂ ಇಲ್ಲ. ನಾನು ಬೋರ್ಡಿನ ಮೇಲೆ "ಇಂದಿನ ಗುರಿ" ಎಂದು ಬರೆದೆ. ಅವನು ಸ್ಟಾಪ್‌ವಾಚ್ ಒತ್ತಿದ. ಅವಳು ನನ್ನ ಕುರ್ಚಿಗಳನ್ನೆಲ್ಲ ಎಳೆದು ವೃತ್ತ ಮಾಡಿದಳು. ಮೂವರೂ ಒಟ್ಟಿಗೆ "ಮೊದಲು ಎಲ್ಲರೂ ದೀರ್ಘವಾಗಿ ಉಸಿರು..." ಎಂದೆವು. ನರ್ಸಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಕೂತೆವು. ಅವನು ಮಧ್ಯ, ನಾವು ಅಕ್ಕಪಕ್ಕ. ಹಳೆಯ ಜಾಗ. ಅದೂ ಗೊತ್ತಿಲ್ಲದೆ.

ನರ್ಸಮ್ಮನ ಪಾಠ — ಮಲಗಿದ ರೋಗಿಯನ್ನು ಏಳಿಸದೆ ಹಾಸಿಗೆ ಬಟ್ಟೆ ಬದಲಿಸುವುದು. ಶುರು ಮಾಡಿದರು, ನಿಂತರು. ಮತ್ತೆ ಶುರು, ಮತ್ತೆ ನಿಂತರು. ತುಟಿ ಒಣಗಿತು. ನನ್ನ ಬಾಯಿ ತುರಿಸುತ್ತಿತ್ತು. ಕನ್ನಡಿಯ ಕೈ ಗಾಳಿಯಲ್ಲೇ ಅವರ ಭುಜ ಸರಿಮಾಡುತ್ತಿತ್ತು. ಮಾತಾಡದೆ ಮಾಡಿ ತೋರಿಸಿಬಿಡಿ ಎಂದಳು ಕೊನೆಗೆ. ರೋಗಿ ಬೇಕಲ್ಲ. ಗಡಿಯಾರ ಎದ್ದು ಹೋಗಿ ಮೇಜಿನ ಮೇಲೆ ಮಲಗಿದ, ಅರವತ್ತಮೂರರ ಮನುಷ್ಯ, ಶೂ ಬಿಚ್ಚಿಟ್ಟು.

ಆಗ ಶುರುವಾಯಿತು. ನೋವಾದ್ರೆ ಹೇಳಿ, ಈಗ ಈ ಕಡೆ ಹೊರಳಿಸ್ತೀನಿ, ನನ್ನ ತೋಳು ಹಿಡ್ಕೊಳ್ಳಿ... ನಿಲ್ಲಲೇ ಇಲ್ಲ. ಪ್ರತಿ ಹೆಜ್ಜೆ, ಪ್ರತಿ ಕಾರಣ, ಒಂದೂ ಬಿಡದೆ. ನಾವು ಕೇಳುತ್ತಿದ್ದೇವೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಗಡಿಯಾರ ಸ್ಟಾಪ್‌ವಾಚ್ ಆಫ್ ಮಾಡುವುದನ್ನೂ ಮರೆತ.

ಚೀಟಿಗೆ ಮಾತ್ರ ಕಿತ್ತಾಟ ತಪ್ಪಲಿಲ್ಲ. ಉಸಿರು ಸೇರಿಸು ಅಂದ ಅವನು. ಬೆನ್ನು ಅಂದಳು ಅವಳು. ಕಣ್ಣು ಅಂದೆ ನಾನು. ಒಂದೊಂದಾಗಿ ಹೊಡೆದುಹಾಕಿದೆವು. ನನ್ನದನ್ನು ಮೊದಲು ನಾನೇ ಹೊಡೆದೆ. ಉಳಿದದ್ದು — "ಹಾಸಿಗೆಯಲ್ಲಿ ಇರುವವರ ಜೊತೆ ಮಾತಾಡಿ." ಮೂವರ ಪದ್ಧತಿಯಲ್ಲೂ ಇಲ್ಲದ ಮಾತು. ಕನ್ನಡಿಯ ಕೈಬರಹ ಈಗಲೂ ದುಂಡಗಿದೆ.

ಹೊರಡುವಾಗ ಅವನು ನಮ್ಮಿಬ್ಬರಿಗೂ ಬರುತ್ತೇನೆ ಎಂದ. ಅವಳು ಅವನಿಗೆ ಮಾತ್ರ.

ಮಾರ್ಚ್ 24, ಸಂಜೆ 6

ನರ್ಸಮ್ಮ ಫೋನ್ ಮಾಡಿದ್ದರು. ಕೆಲಸ ಆಯಿತು! ಒಂದನೇ ತಾರೀಖಿನಿಂದ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಗೊಂಬೆ ಇಟ್ಟಿದ್ದರಂತೆ. ಅದಕ್ಕೇ "ಭಯ ಪಡ್ಬೇಡಿ, ನಾನಿದ್ದೀನಿ" ಎಂದು ಹೇಳಿ ಶುರು ಮಾಡಿದರಂತೆ. ಪರೀಕ್ಷಕರು ಮೊದಲು ನಕ್ಕರಂತೆ. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರಂತೆ.

ಖುಷಿಗೆ ಕೋಣೆಯಲ್ಲೇ ಎರಡು ಸುತ್ತು ಹಾಕಿದೆ. ಇಷ್ಟು ವರ್ಷ ಯಾರಾದರೂ ಗೆದ್ದು ಬಂದಾಗೆಲ್ಲ ಹೀಗೇ ಸುತ್ತು ಹಾಕಿ, ಹೇಳಲು ಯಾರೂ ಇಲ್ಲದೆ ಕೂತುಬಿಡುತ್ತಿದ್ದೆ. ಮನೆಯವರು ಸಂತೋಷ ಅನ್ನುತ್ತಾರೆ, ಟಿವಿ ಕಡೆ ತಿರುಗುತ್ತಾರೆ. ಅರ್ಥವಾಗುವವರು ಇಬ್ಬರೇ.

ಗಡಿಯಾರನಿಗೆ ಮೊದಲು ಹೇಳಿದೆ. ಆಮೇಲೆ ಕನ್ನಡಿಯ ನಂಬರ್ ಒತ್ತಿದೆ. ಮೊದಲ ರಿಂಗಿಗೇ ಎತ್ತಿದಳು. ಹೇಳಿದೆ. ಅಲ್ಲಿಂದ ಉಸಿರು ಬಿಟ್ಟ ಸದ್ದು ಮಾತ್ರ. ಅವಳ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ನನ್ನ ಕಡೆ ಫ್ಯಾನ್. ಇಡೋಣವಾ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

"ನಾಳೆ ಸಂಜೆ ಆ ಕಡೆ ಬರ್ಲಾ?" ಎಂದಳು.

ಬಾ ಅನ್ನಬೇಕು, ಅಷ್ಟೇ. ಮೂವತ್ತು ವರ್ಷದಿಂದ ಮಾತು ಕಲಿಸುತ್ತಿರುವವಳು ನಾನು. ಅದೊಂದು ಮಾತನ್ನೂ ಪಿಸುಗುಟ್ಟಿಯೇ ಹೇಳಿದೆ — "ಬಾ."