ಅಳೆಯದೆ ಬಿಟ್ಟ ಆಂಪಿಯರ್

ಮಾರ್ಚ್ 4, ಬೆಳಿಗ್ಗೆ 10

ಲಿಫ್ಟ್ ಮತ್ತೆ ನಿಂತಿತ್ತು. ಬಾಗಿಲ ಸಂದಿಯಲ್ಲಿ ಯಾರದೋ ಬಾಚಣಿಗೆ. ತೆಗೆದೆ. ಆಮೇಲೆ ಹೆರಿಗೆ ವಾರ್ಡಿನ ಟ್ಯೂಬ್‌ಲೈಟ್. ಏಣಿ ಹತ್ತಿದ್ದಾಗ ಹಿರಿಯ ಸಿಸ್ಟರ್, "ಕರೆಂಟಕ್ಕ, ಬೀಳ್ಬೇಡಿ, ನಮ್ಮಲ್ಲಿ ಹಾಸಿಗೆ ಖಾಲಿ ಇಲ್ಲ" ಎಂದರು. ಇಪ್ಪತ್ತೆರಡು ವರ್ಷ ಈ ಆಸ್ಪತ್ರೆಯ ವೈರಿಂಗ್ ನೋಡಿದ್ದಕ್ಕೆ ಸಿಕ್ಕ ಬಿರುದು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ.

ತಮಾಷೆ ಮಾಡಿದರೂ ಅವರ ಮುಖ ಸಪ್ಪೆ. ತಿಂಗಳು ತುಂಬದೆ ಹುಟ್ಟಿದ ಹೆಣ್ಣುಮಗು, ಒಂದೂಮುಕ್ಕಾಲು ಕಿಲೋ. ಮೈ ಬಿಸಿ ಏರುತ್ತಿಲ್ಲವಂತೆ.

ಮಾರ್ಚ್ 5, ಮಧ್ಯಾಹ್ನ 1.30

ಮಗು ಇನ್ನೂ ತಣ್ಣಗೆ. ಸೋಂಕಿರಬಹುದೆಂದು ಡಾಕ್ಟ್ರಮ್ಮ ರಕ್ತ ಪರೀಕ್ಷೆಗೆ ಕಳಿಸಿ, ಔಷಧವನ್ನೂ ಶುರು ಮಾಡಿದ್ದಾರೆ. ಹೆಬ್ಬೆರಳಿನಷ್ಟು ಅಂಗೈಗೆ ಸೂಜಿ.

ತಾಯಿ ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದಳು. ತುಂಬ ಚಿಕ್ಕ ವಯಸ್ಸು. ನನ್ನನ್ನು ನರ್ಸ್ ಎಂದುಕೊಂಡಳೋ ಏನೋ, "ನನ್ ಹಾಲು ಸಾಲ್ತಿಲ್ವೇನೋ ಅಕ್ಕ. ನಾನೇ ಏನೋ ತಪ್ಪು ಮಾಡಿದೀನಿ" ಎಂದಳು.

ಒಳಗೆ ಸಿಸ್ಟರ್ ಗೊಣಗುತ್ತಿದ್ದರು. "ಹೀಟರ್ ನೂರಕ್ಕೆ ನೂರು ಇಟ್ಟಿದೀವಿ. ಇನ್ನೇನ್ ಮಾಡೋದು?"

ಆ ಮಾತು ಕಿವಿಯಲ್ಲೇ ಉಳಿಯಿತು. ಮಗುವಿನ ತೊಟ್ಟಿಲ ಮೇಲಿನ ಹೀಟರ್ ಕೆಳಗೆ ಕೈ ಹಿಡಿದೆ. ಬೆಚ್ಚಗಿತ್ತು. ಪಕ್ಕದ ತೊಟ್ಟಿಲ ಹೀಟರ್ ಕೆಳಗೆ ಹಿಡಿದೆ. ಸ್ವಲ್ಪ ಹೊತ್ತಿಗೇ ಕೈ ತಾನಾಗಿ ಹಿಂದೆ ಬಂತು.

ಅದೇ ದಿನ, 3.45

ಇದನ್ನು ಈಗಲೇ ಬರೆದಿಡಬೇಕು.

ಮಗುವನ್ನು ಎತ್ತಿ ತಾಯಿಯ ಎದೆಗೆ ಕೊಡಲು ಸಿಸ್ಟರ್‌ಗೆ ಹೇಳಿದೆ. ಮೈಗೆ ಮೈ, ಮೇಲೆ ಹೊದಿಕೆ. ಹೀಟರ್ ಉರಿಯುತ್ತಿರುವಾಗಲೇ ಮೀಟರ್ ಹಾಕಿದೆ. ವೋಲ್ಟೇಜ್ 230. ಸರಿ. ಕರೆಂಟ್ — 1.3 ಆಂಪಿಯರ್.

ಗುಣಿಸಿದೆ. 299 ವ್ಯಾಟ್. ಯಂತ್ರದ ಬೆನ್ನಿನ ಫಲಕದಲ್ಲಿ 600 ಎಂದಿದೆ. ಅರ್ಧಕ್ಕೆ ಅರ್ಧ.

230ನ್ನು 1.3ರಿಂದ ಭಾಗಿಸಿದೆ. 177 ಓಮ್. 600 ವ್ಯಾಟ್ ಬರಬೇಕಾದರೆ 2.6 ಆಂಪಿಯರ್ ಹರಿಯಬೇಕು, ರೆಸಿಸ್ಟೆನ್ಸ್ 88 ಇರಬೇಕು. ಇದು ಎರಡರಷ್ಟು. ಅಂದರೆ ತಲಾ ಅರ್ಧ ಶಾಖ ಕೊಡುವ ಅಕ್ಕಪಕ್ಕದ ಎರಡು ರಾಡುಗಳಲ್ಲಿ ಒಂದು ಸತ್ತಿದೆ. ಪಿಂಗಾಣಿಯೊಳಗಿನ ತಂತಿ, ಕಡಿದರೂ ಕಣ್ಣಿಗೆ ಕಾಣದು. ಯಂತ್ರವೂ ಹಳೆಯದು. ಎಷ್ಟು ಶಾಖ ಕೇಳಿದ್ದೇವೆಂದು ತೋರಿಸುತ್ತದೆ, ಎಷ್ಟು ಕೊಡುತ್ತಿದೆ ಎಂದಲ್ಲ.

ಇನ್ನೊಂದು ಮಾತು. ಆ ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲಿ "ಪರೀಕ್ಷಿಸಲಾಗಿದೆ, ಸರಿಯಿದೆ" ಎಂದು ಬರೆದು ಹನ್ನೊಂದು ದಿನದ ಹಿಂದೆ ಸಹಿ ಹಾಕಿದವಳು ನಾನು. ಅವತ್ತು ಅವಸರ. ವೋಲ್ಟೇಜ್ ಮಾತ್ರ ನೋಡಿದ್ದೆ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ನೋಡಿ, ನಲ್ಲಿ ತಿರುಗಿಸದೆ ಬಂದ ಹಾಗೆ.

ಸಂಜೆ 5.30

ಸ್ಟೋರಿನಲ್ಲಿ ರಾಡ್ ಇತ್ತು. ಬದಲಿಸಿದೆ. 228 ವೋಲ್ಟ್, 2.6 ಆಂಪಿಯರ್. 593 ವ್ಯಾಟ್. ಮೂರು ಸಲ ಲೆಕ್ಕ ಮಾಡಿದೆ.

ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದರು. "ರಾಡು ಇವತ್ತು ಹೋಯ್ತು ಅಂತ ಬರೀರಿ. ಯಾರಿಗ್ ಗೊತ್ತಾಗುತ್ತೆ?" ಅವರು ಒಳ್ಳೆಯವರೇ. ನನಗೋಸ್ಕರವೇ ಹೇಳಿದ್ದು. ಪೆನ್ನು ಹಿಡಿದು ಕೂತೆ. ಬೆಂಚಿನ ಮೇಲಿನ ಆ ಮುಖ ಕಣ್ಣ ಮುಂದೆ ಬಂತು. ಮಾಡದ ತಪ್ಪನ್ನು ಆಕೆ ತಲೆಯ ಮೇಲೆ ಹೊತ್ತಿದ್ದಾಳೆ. ಮಾಡಿದವಳು ನಾನು ಜಾರಿಕೊಳ್ಳುವುದೇ? "ಹಿಂದಿನ ಪರೀಕ್ಷೆಯಲ್ಲಿ ಕರೆಂಟ್ ಅಳೆದಿರಲಿಲ್ಲ" ಎಂದು ಬರೆದು, ಡಾಕ್ಟ್ರಮ್ಮನ ಮುಂದೆ ಇಟ್ಟೆ.

ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ, "ವಾರ್ಡಿನ ಮಿಕ್ಕ ಎರಡು ಹೀಟರನ್ನೂ ಈಗ್ಲೇ ಅಳೆದು ಬನ್ನಿ."

ಅಳೆದೆ. ಎರಡೂ 2.6. ಗೋಡೆಗೆ ಒರಗಿ ನಿಂತೆ.

ಮಾರ್ಚ್ 6, ಬೆಳಿಗ್ಗೆ 7

ನಿನ್ನೆ ರಾತ್ರಿ ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದೆ. "ಕೆಲ್ಸ ಹೋದ್ರೆ ಹೋಗ್ಲಿ ಬಿಡು, ನಮ್ಮನೆ ಫ್ಯಾನೂ ಎರಡು ವರ್ಷದಿಂದ ನಿನ್ನನ್ನೇ ಕಾಯ್ತಿದೆ" ಎಂದರು ಮನೆಯವರು. ನಗು ಬಂತು, ಜತೆಗೆ ಕಣ್ಣೀರೂ.

ಮಾರ್ಚ್ 7, 11 ಗಂಟೆ

ಮಗುವಿನ ಮೈ ಬಿಸಿ 36.7 ಡಿಗ್ರಿ, ಎಷ್ಟಿರಬೇಕೋ ಅಷ್ಟು. ನಿನ್ನೆ ಬೆಳಿಗ್ಗೆಯಿಂದ ಇಳಿದಿಲ್ಲ. ರಕ್ತದ ವರದಿ ಬಂತು — ಸೋಂಕಿಲ್ಲ. ಔಷಧ ನಿಲ್ಲಿಸಿದರು.

ತಾಯಿಗೆ ನಾನೇ ಹೇಳಿದೆ. ಹೀಟರ್ ಅರ್ಧ ಸತ್ತಿತ್ತು, ನಾನು ನೋಡಬೇಕಿತ್ತು, ನೋಡಲಿಲ್ಲ. ಬೈಯುತ್ತಾಳೆಂದು ಕಾದು ನಿಂತೆ. ಆಕೆ ಕೇಳಿದ್ದು ಒಂದೇ:

"ಹಾಗಾದ್ರೆ ನನ್ ಹಾಲು...?"

"ಹಾಲು ಚೆನ್ನಾಗಿದೆ ಕಣಮ್ಮ. ನಿನ್ ತಪ್ಪು ಏನೂ ಇಲ್ಲ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳು ಎಂದುಕೊಂಡೆ. ನಗುತ್ತಿದ್ದಳು.

ಮಾರ್ಚ್ 10

ನನಗೊಂದು ಎಚ್ಚರಿಕೆ ಪತ್ರ. ಸರಿಯೇ. ಇನ್ನು ಮುಂದೆ ಚೀಟಿಯಲ್ಲಿ ವೋಲ್ಟ್, ಆಂಪಿಯರ್, ವ್ಯಾಟ್ — ಮೂರು ಖಾನೆ. ಡಾಕ್ಟ್ರಮ್ಮ ಅದಕ್ಕೆ ನನ್ನ ಕೈಯಲ್ಲೇ ಗೆರೆ ಎಳೆಸಿದರು. ಆರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಮಾರ್ಚ್ 22, ಬೆಳಿಗ್ಗೆ 10.20

ಮಗು ಈಗ ಎರಡು ಕಿಲೋ ನೂರು ಗ್ರಾಂ. ಇವತ್ತು ಮನೆಗೆ.

ಜನರೇಟರ್ ಕೋಣೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಸಿಸ್ಟರ್ ಬಾಗಿಲಲ್ಲಿ ಇಣುಕಿ ಹೇಳಿದರು, "ಗೇಟಿನ ತನಕ ಮಗೂನ ನೀವೇ ಎತ್ಕೊಂಡು ಬರ್ಬೇಕಂತೆ, ಅವರಮ್ಮ ಹಟ ಹಿಡಿದಿದಾಳೆ."

ಕೈ ತುಂಬ ಗ್ರೀಸು. ಸೋಪು ಎಲ್ಲಿ ಇಟ್ಟೆನೋ —